ಸಾಹೇಬರಿಗೆ ಭದ್ರ ಫೋನು ಬಂದ ಮಳೆಗಾಲ

ಹೋದ ತಿಂಗಳು ದೇವನಹಳ್ಳಿಯ ನನ್ನ ಹಳೆಯ ಕಚೇರಿಗೆ ಹೋಗಬೇಕಾಗಿ ಬಂತು. ನನ್ನ ಸೇವಾ ಪುಸ್ತಕದಲ್ಲಿ ಅಲ್ಲಿಯ ಒಂದು ಸಹಿ ಬಿಟ್ಟುಹೋಗಿತ್ತು. ಜಿಟಿಜಿಟಿ ಮಳೆ. ಛತ್ರಿ ಮಡಚಿಕೊಂಡು ಮೆಟ್ಟಿಲು ಹತ್ತಿದರೆ ಬಾಗಿಲಲ್ಲಿ ಕಾವಲಿಗಿದ್ದ ಹೆಂಗಸು ಕೈ ಅಡ್ಡ ಹಿಡಿದಳು. "ಮೊಬೈಲ್ ಇಲ್ಲಿಟ್ಟು ಹೋಗಿ ಮೇಡಂ" ಎಂದಳು. ಗೋಡೆಗೆ ಮರದ ಗೂಡುಗಳನ್ನು ಹೊಡೆದಿದ್ದರು. ಅರ್ಜಿ ಹಿಡಿದು ಬಂದ ರೈತರ ಫೋನು, ಗುಮಾಸ್ತರ ಫೋನು, ಟೀ ತರುವವನ ಫೋನು ಎಲ್ಲವೂ ಅದರಲ್ಲಿ ಸಾಲಾಗಿ ಕೂತಿದ್ದವು. ನಾನು ನನ್ನದನ್ನು ಇಟ್ಟು ಬಿಲ್ಲೆ ತೆಗೆದುಕೊಳ್ಳುವಷ್ಟರಲ್ಲಿ ಕಾರಿನಿಂದಿಳಿದ ಅಧಿಕಾರಿಯೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ಒಳಗೆ ನಡೆದರು. ಕಾವಲಿನವಳು ಅವರಿಗೆ ಸೆಲ್ಯೂಟ್ ಹೊಡೆದಳು.

ನನಗೆ ಸಿಟ್ಟು ನೆತ್ತಿಗೇರಿತು. ಅದು ಅವಳ ಮೇಲಿನ ಸಿಟ್ಟಲ್ಲ, ಪಾಪ, ಅವಳಿಗೆ ಹೇಳಿದ್ದನ್ನು ಅವಳು ಮಾಡುತ್ತಿದ್ದಳು. ಅದು ಹಳೆಯ ಸಿಟ್ಟು. ಆರಿದೆ ಎಂದುಕೊಂಡಿದ್ದೆ. ಆರಿರಲಿಲ್ಲ.

ಆ ಸಿಟ್ಟು ಹುಟ್ಟಿದ ವರ್ಷ ನಾನು ಅಲ್ಲಿ ಸಾಹೇಬರ ಶೀಘ್ರಲಿಪಿಗಾರ್ತಿ. ದೊಡ್ಡಬಳ್ಳಾಪುರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಮನೆಯಲ್ಲಿ ನಮ್ಮ ಯಜಮಾನರ ಮಗ್ಗಗಳ ಸದ್ದು, ಅದನ್ನು ತಪ್ಪಿಸಿಕೊಂಡು ಬಂದರೆ ಇಲ್ಲಿ ಸಾಹೇಬರ ಗಂಟಲು. ಕುಂದಾಣದ ಕಡೆ ಹೊಸ ಕೈಗಾರಿಕಾ ಪ್ರದೇಶಕ್ಕೆ ಜಮೀನು ಗುರುತಿಸುವ ಕೆಲಸಕ್ಕೆಂದೇ ಸರ್ಕಾರ ಅವರನ್ನು ಹಾಕಿತ್ತು. ದೊಡ್ಡ ಹುದ್ದೆ. ಮಂತ್ರಿಗಳೇ ನೇರವಾಗಿ ಫೋನು ಮಾಡುತ್ತಿದ್ದರು.

ಅವರ ಕಾರಿನ ಡ್ರೈವರು ಮುನಿರಾಜು. ಕುಂದಾಣ ಹೋಬಳಿಯ ಹಳ್ಳಿಯೊಂದರವನು, ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ. ಮೀಟಿಂಗಿಗೆ ಹೋಗುವಾಗ ಸಾಹೇಬರು ಟಿಪ್ಪಣಿ ಬರೆಸಲು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ಒಳಗಿರುವಷ್ಟು ಹೊತ್ತು ಕಾರಿನ ಹತ್ತಿರ ನನಗೆ ಮುನಿರಾಜುವಿನ ಮಾತೇ ಜೊತೆ. ಮಾತೆಲ್ಲ ಅವನ ಅಮ್ಮ ಪಿಳ್ಳಮ್ಮನ ರಾಗಿ ಹೊಲದ ಸುತ್ತಲೇ. ಆಷಾಢದಲ್ಲಿ ಮಳೆ ಹದವಾಗಿ ಬಿದ್ದು ಬಿತ್ತನೆಯಾಗಿತ್ತು. "ಪೈರು ಒಳ್ಳೆ ಬಂದೈತೆ ಸರೋಜಕ್ಕ. ಭಾನುವಾರ ಕುಂಟೆ ಹೊಡಿಬೇಕು, ಸಾಹೇಬ್ರು ರಜಾ ಕೊಟ್ರೆ ಸೈ" ಎನ್ನುತ್ತಿದ್ದ. ಸಾಹೇಬರು ಭಾನುವಾರ ಗಾಲ್ಫ್ ಆಡಲು ಹೋಗುತ್ತಿದ್ದರಾದ್ದರಿಂದ ರಜೆ ಸಿಗುತ್ತಿರಲಿಲ್ಲ.

ಆ ಆಷಾಢದ ಗಾಳಿಯಲ್ಲೇ ಭದ್ರ ಫೋನುಗಳು ಬಂದವು. ಹಿರಿಯ ಅಧಿಕಾರಿಗಳಿಗೆ ಮಾತ್ರ. ಸಾಹೇಬರ ಕೋಣೆಯಲ್ಲಿ ಕಂಪನಿಯ ತರುಣನೊಬ್ಬ ನಿಂತು ಅದನ್ನು ಬಿಡಿಸಿ ಹೇಳಿದ. ನಾನು ಮೂಲೆಯಲ್ಲಿ ಕೂತು ಬರೆದುಕೊಂಡೆ. ಇದರಲ್ಲಿ ಕ್ಯಾಮೆರಾ ಇಲ್ಲ. ಬಂದ ಕಡತವನ್ನು ಓದಬಹುದು, ಬೇರೆಯವರಿಗೆ ಕಳಿಸಲಾಗದು, ಪರದೆಯ ಚಿತ್ರ ತೆಗೆಯಲಾಗದು. ಸಾಹೇಬರ ಬೆರಳಿಗೆ ಮಾತ್ರ ತೆರೆದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಳೆದುಹೋದರೆ ಬೆಂಗಳೂರಿನಲ್ಲಿ ಕೂತು ಅಳಿಸಿಹಾಕಬಹುದು. "ಇದರಿಂದ ಒಂದಕ್ಷರ ಆಚೆ ಹೋಗಲ್ಲ ಸಾರ್" ಎಂದು ಹೆಮ್ಮೆಯಿಂದ ಮುಗಿಸಿದ.

ಅಷ್ಟು ಭದ್ರತೆಗೆ ಕಾರಣವೂ ಇತ್ತು. ಯಾವ ಯಾವ ಸರ್ವೆ ನಂಬರು ಯೋಜನೆಗೆ ಹೋಗುತ್ತದೆ ಎಂಬ ಪಟ್ಟಿ ಆಗ ತಯಾರಾಗುತ್ತಿತ್ತು. ಅಧಿಸೂಚನೆಗೆ ಮೊದಲೇ ಅದು ಹೊರಬಿದ್ದರೆ ದಲ್ಲಾಳಿಗಳು ಓಡಿಬಂದು ರೈತರಿಂದ ಅಗ್ಗಕ್ಕೆ ಬರೆಸಿಕೊಂಡು, ಆಮೇಲೆ ಸರ್ಕಾರದ ಪರಿಹಾರ ತಾವು ತಿನ್ನುತ್ತಾರೆ. ಅದಕ್ಕೇ ಪಟ್ಟಿ ನನ್ನ ಕೈಗೂ ಬರಲಿಲ್ಲ, ಸಾಹೇಬರ ಆ ಫೋನಿಗೆ ಮಾತ್ರ ಬಂತು. ಆ ಏರ್ಪಾಡು ನನಗೆ ಸರಿಯೆಂದೇ ಕಂಡಿತ್ತು. ರೈತರನ್ನು ಕಾಪಾಡುವುದಕ್ಕೇ ತಾನೇ ಈ ಗುಟ್ಟು ಎಂದುಕೊಂಡಿದ್ದೆ.

ಸಾಹೇಬರಿಗೆ ಆ ಫೋನು ಕಂಡರೆ ಆಗುತ್ತಿರಲಿಲ್ಲ. ಅಕ್ಷರ ಸಣ್ಣದು, ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತದೆ, ಮೊಮ್ಮಗಳ ವಿಡಿಯೋ ನೋಡಲಾಗುವುದಿಲ್ಲ. "ಇದೊಂದು ಜೈಲು" ಎನ್ನುತ್ತಿದ್ದರು. ಜೇಬಿನಲ್ಲಿ ಸದಾ ಇರುತ್ತಿದ್ದದ್ದು ಅವರ ಸ್ವಂತದ ಫೋನು. ಸರ್ಕಾರದ್ದನ್ನು ಕಾರಿನಲ್ಲಿ ಚಾರ್ಜಿಗೆ ಹಾಕು ಎಂದು ಮುನಿರಾಜುವಿಗೆ ಕೊಟ್ಟುಬಿಡುತ್ತಿದ್ದರು. ಅವನು ಅದನ್ನು ಒಗೆದ ಟವಲಿನಲ್ಲಿ ಸುತ್ತಿ ಪಕ್ಕದ ಸೀಟಿನ ಮೇಲೆ ಇಡುತ್ತಿದ್ದ. ದೇವರ ಪಟದ ಮುಂದೆ ಸಿಗರೇಟು ಸೇದದ ಹಾಗೆ ಅದರ ಮುಂದೆ ಬೀಡಿಯನ್ನೂ ಹಚ್ಚುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ. ಮೋಡ ಕವಿದು ಕೋಣೆಯಲ್ಲಿ ದೀಪ ಹಾಕಿದ್ದರು. ನಾನು ಸಹಿಗೆ ಕಾಗದ ಹಿಡಿದು ಒಳಗೆ ಹೋದಾಗ ಸಾಹೇಬರು ಭದ್ರ ಫೋನನ್ನು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟು, ಅದು ಮುಚ್ಚಿಕೊಳ್ಳದಂತೆ ಎಡಗೈ ಬೆರಳಿನಿಂದ ಅಂಚಿನಲ್ಲಿ ಒತ್ತಿ ಹಿಡಿದಿದ್ದರು. ಬಲಗೈಯಲ್ಲಿ ತಮ್ಮ ಸ್ವಂತದ ಫೋನು. ಅದರಿಂದ ಇದರ ಪರದೆಯ ಫೋಟೋ ತೆಗೆಯುತ್ತಿದ್ದರು. ಒಂದು ಪುಟ, ಮತ್ತೊಂದು ಪುಟ. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ಏನು ಮಾಡೋದು ಸರೋಜಾ, ಇದರಲ್ಲಿ ಓದೋಕೇ ಆಗಲ್ಲ" ಎಂದರು. ನಾನು ಕಾಗದ ಇಟ್ಟು ತಿರುಗುವಷ್ಟರಲ್ಲಿ ಯಾರಿಗೋ ಫೋನು ಹಚ್ಚಿದರು. "ಕಳಿಸಿದ್ದೀನಿ. ನೋಡಿ ಡಿಲೀಟ್ ಮಾಡ್ಬಿಡು."

ಆ ಕಡೆ ಇದ್ದವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಡಿಲೀಟ್ ಮಾಡಲಿಲ್ಲ ಎಂಬುದು ಮಾತ್ರ ಗೊತ್ತು.

ಗೌರಿ ಗಣೇಶ ಹಬ್ಬ ಕಳೆಯುವ ಹೊತ್ತಿಗೆ ಕುಂದಾಣದ ಕೆಸರು ರಸ್ತೆಗಳಲ್ಲಿ ದೊಡ್ಡ ದೊಡ್ಡ ಕಾರು ಓಡಾಡತೊಡಗಿದವು. ಮುನಿರಾಜುವಿನ ಚಿಕ್ಕಪ್ಪ ನಾರಾಯಣಪ್ಪ, ಹೊಲದ ಬದುವಿನ ಆಚೆಯವರು, ಬೆಂಗಳೂರಿನ ಯಾರಿಗೋ ತಮ್ಮ ಜಮೀನು ಮಾರುವ ಕರಾರು ಮಾಡಿಕೊಟ್ಟೇಬಿಟ್ಟರು. ಮುನಿರಾಜು ನನ್ನ ಮೇಜಿನ ಹತ್ತಿರ ಬಂದು ನಿಂತ.

"ನಮ್ಮನ್ನೂ ಕೇಳ್ತಾವ್ರೆ ಅಕ್ಕ. ಫಾರಂ ಹೌಸ್ ಮಾಡ್ತಾರಂತೆ. ಏನ್ ಮಾಡಾನ?"

"ನಿಮ್ಮಮ್ಮ ಏನಂತಾರೆ?"

"ಅಮ್ಮ ಬೈದು ಓಡಿಸವ್ಳೆ. ರಾಗಿ ಮೊಣಕಾಲುದ್ದ ಬಂದೈತೆ, ಕೊಯ್ಲು ಆಗೋ ತಂಕ ಈ ಕಡೆ ತಲೆ ಹಾಕ್ಬ್ಯಾಡಿ ಅಂದ್ಬಿಟ್ಳು" ಎಂದು ನಕ್ಕ.

ಅವನು ಹಾಗೆ ನಗುತ್ತಿದ್ದಾಗ ಟವಲಿನಲ್ಲಿ ಸುತ್ತಿದ ಆ ಫೋನು ಅವನ ಕೈಯಲ್ಲೇ ಇತ್ತು. ಅದರೊಳಗೆ ಪಿಳ್ಳಮ್ಮನ ಹೊಲದ ನಂಬರೂ ಇತ್ತು, ನನಗೆ ಅದು ತಿಳಿದದ್ದು ಆಮೇಲೆ. ಬೆಂಗಳೂರಿನ ದಲ್ಲಾಳಿಗೆ ಅದು ಗೊತ್ತಿತ್ತು, ಆ ಹೊಲ ಉತ್ತು ಬಿತ್ತಿದ ಮನೆಯವನಿಗೆ ಗೊತ್ತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಪಟ್ಟಿಯ ಎರಡು ಮೂರು ಪುಟಗಳ ಫೋಟೋ ಜನರ ಫೋನುಗಳಿಗೇ ಬಂದುಬಿಟ್ಟವು. ಅವು ಸುತ್ತಲಿನ ಬೇರೆ ಹಳ್ಳಿಗಳ ಪುಟಗಳು, ಮುನಿರಾಜುವಿನ ಊರಿನದು ಅವುಗಳಲ್ಲಿರಲಿಲ್ಲ. ಮಳೆಯಲ್ಲೇ ರೈತರು ಬಂದು ನಮ್ಮ ಗೇಟಿನ ಮುಂದೆ ಕೂತರು. ನಮ್ಮ ಗುಮಾಸ್ತರೊಬ್ಬರು ಆ ಫೋಟೋವನ್ನು ನನಗೆ ತೋರಿಸಿದರು. ಹಸಿರು ಬಟ್ಟೆ. ಅದರ ಮೇಲೆ ಭದ್ರ ಫೋನು. ಪರದೆಯ ಅಂಚಿನಲ್ಲಿ ಒತ್ತಿ ಹಿಡಿದ ಬೆರಳು. ಬೆರಳಲ್ಲಿ ಹವಳದ ಉಂಗುರ.

ಆ ಉಂಗುರ ಯಾರದೆಂದು ಕಚೇರಿಯಲ್ಲಿ ತಿಳಿಯದವರಿರಲಿಲ್ಲ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾರನೆಯ ದಿನ ಸಾಹೇಬರ ಬೆರಳಲ್ಲಿ ಉಂಗುರವಿರಲಿಲ್ಲ. ಅದಿದ್ದ ಜಾಗದಲ್ಲಿ ಬಿಳಿಯ ಪಟ್ಟೆ ಇತ್ತು.

ವಿಚಾರಣೆಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಸಹಾಯಕನೊಡನೆ ಬಂದರು. ಬಂದವರೇ ಮೊದಲು ಮಾಡಿದ್ದು ಜವಾನರ, ಡ್ರೈವರುಗಳ, ಗುಮಾಸ್ತರ, ನನ್ನ ಫೋನುಗಳನ್ನು ಕಿತ್ತುಕೊಂಡದ್ದು. ಪಾಸ್‌ವರ್ಡು ಹೇಳಿಸಿಕೊಂಡರು. ಆ ಸಹಾಯಕ ನನ್ನ ಮುಂದೆಯೇ, ಇನ್ನೂ ನಾಲ್ಕಾರು ಗಂಡಸರ ಮುಂದೆ, ನನ್ನ ಫೋನು ತೆರೆದು ಓದತೊಡಗಿದ. ಆಗ ನನಗೆ ಮೈಯಲ್ಲಿ ಹುಷಾರಿರಲಿಲ್ಲ, ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದರು. ನನ್ನ ತಂಗಿ ಬರೆದದ್ದನ್ನು ಅವನು ಗಟ್ಟಿಯಾಗಿ ಓದಿದ.

"ರಕ್ತ ಹೋಗೋದು ನಿಂತಿತಾ ಅಕ್ಕ? ಗರ್ಭಕೋಶ ತೆಗೆಸಲೇಬೇಕಂತಾ?" ಓದಿ ತಲೆಯೆತ್ತಿ, "ಇದೇನು ಮೇಡಂ, ಕೋಡ್ ವರ್ಡಾ?" ಎಂದು ನಕ್ಕ. ಯಾರೋ ಹಿಂದಿನಿಂದ ಕಿಸಕ್ಕೆಂದರು.

ನಾನು ಎದ್ದು ನಿಂತೆ. ಸೊಂಟ ಕಿತ್ತುಬರುವಂತೆ ನೋಯುತ್ತಿತ್ತು. ವಿಚಾರಣಾಧಿಕಾರಿಯನ್ನೇ ನೋಡಿ ಕೇಳಿದೆ: "ಸಾಹೇಬರ ಸ್ವಂತ ಫೋನು ನೋಡಿದ್ರಾ ಸಾರ್?"

ಅವರು ಮಗುವಿಗೆ ಹೇಳುವಂತೆ ಹೇಳಿದರು: "ಅವರಿಗೆ ಸೆಕ್ಯೂರ್ ಫೋನ್ ಕೊಟ್ಟಿದೆಯಲ್ಲಮ್ಮ. ಮತ್ತೆ ಸ್ವಂತದ್ದು ಯಾಕೆ ನೋಡಬೇಕು?"

ಮಧ್ಯಾಹ್ನ ಮುನಿರಾಜುವಿನ ಸರದಿ. ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು, ಬೇರೆ ಶೀಘ್ರಲಿಪಿಗಾರರು ಇರಲಿಲ್ಲ. ಅವನ ಫೋನಿನಲ್ಲಿ ಆ ಫೋಟೋಗಳಿದ್ದವು. ಇಡೀ ಹೋಬಳಿಯ ಫೋನುಗಳಲ್ಲಿ ಇದ್ದವು. ಅವನ ಸ್ನೇಹಿತನೊಬ್ಬ ಕಳಿಸಿದ್ದ. ಅಷ್ಟು ಸಾಕಾಯಿತು ಅವರಿಗೆ.

"ಫೋನು ದಿನವೂ ನಿನ್ನ ಹತ್ತಿರವೇ ಇರ್ತಿತ್ತು. ಹೌದೋ ಅಲ್ಲವೋ?"

"ಹೌದು ಸಾರ್. ಚಾರ್ಜಿಗೆ."

"ನಿಮ್ಮ ಜಮೀನು ಪಟ್ಟಿಯಲ್ಲಿದೆ. ಅದಕ್ಕೇ ಫೋಟೋ ಹೊಡೆದು ಹಂಚಿದ್ದೀಯ. ಒಪ್ಪಿಕೋ."

ಬೈಗುಳಕ್ಕೆ, ಬೆದರಿಕೆಗೆ ಮುನಿರಾಜು ತಯಾರಾಗಿ ಬಂದಿದ್ದ. ಇದಕ್ಕೆ ತಯಾರಾಗಿರಲಿಲ್ಲ.

"ನಮ್ಮ ಹೊಲಾನೂ ಐತಾ ಸಾರ್ ಅದ್ರಲ್ಲಿ?" ಎಂದ. "ನಮ್ಮಮ್ಮನ ಹೊಲ? ರಾಗಿ ಐತಲ್ಲ ಸಾರ್, ಅದಾ?"

ಅವನು ನನ್ನ ಕಡೆ ತಿರುಗಿದ. "ಐತಾ ಅಕ್ಕ?"

ನನ್ನ ಪೆನ್ಸಿಲು ನಿಂತಿತು. "ನನಗೂ ಗೊತ್ತಿಲ್ಲ ಕಣೋ ಮುನಿರಾಜು" ಎಂದೆ. ಆಮೇಲೆ ವಿಚಾರಣಾಧಿಕಾರಿಗೆ ಹೇಳಿದೆ. ಶ್ರಾವಣದಲ್ಲಿ ನಾನು ಕಣ್ಣಾರೆ ಕಂಡದ್ದು, ಸಾಹೇಬರು ಫೋನಿನಲ್ಲಿ ಆಡಿದ ಮಾತು, ಫೋಟೋದಲ್ಲಿರುವ ಬೆರಳು, ಉಂಗುರ. ಆ ಫೋನು ಸಾಹೇಬರ ಬೆರಳಿಗಲ್ಲದೆ ತೆರೆಯುವುದೇ ಇಲ್ಲ ಎಂಬುದನ್ನೂ, ಇವನೇ ಕದ್ದಿದ್ದರೆ ತನ್ನ ಊರಿನ ಪುಟ ಬಿಟ್ಟು ಪಕ್ಕದ ಊರಿನವರ ಪುಟ ಯಾಕೆ ಹಂಚುತ್ತಿದ್ದ ಎಂಬುದನ್ನೂ ಹೇಳಿದೆ. ದನಿ ಏರಿತ್ತು. ಏರಲಿ ಎಂದು ಬಿಟ್ಟೆ.

"ಉಂಗುರ ಯಾರು ಬೇಕಾದರೂ ಹಾಕಿಕೊಳ್ಳಬಹುದು" ಎಂದರು ಅವರು. "ಇದನ್ನೆಲ್ಲ ಬರ್ಕೋಬೇಡಿ."

"ಬರ್ಕೊಂಡಾಯ್ತು ಸಾರ್."

ನನ್ನ ಕೈಯಿಂದ ಆ ಹಾಳೆಗಳನ್ನು ತೆಗೆದುಕೊಂಡರು. ಮಾರನೆಯ ದಿನ ಬೆಂಗಳೂರಿನಿಂದ ಬೇರೊಬ್ಬ ಶೀಘ್ರಲಿಪಿಗಾರ ಬಂದ. ವರದಿಯಲ್ಲಿ ನನ್ನ ಮಾತು ಒಂದೂ ಇರಲಿಲ್ಲ. ಡ್ರೈವರಿನ ಅಜಾಗರೂಕತೆ ಮತ್ತು ದುರುದ್ದೇಶ ಎಂದಿತ್ತು. ಸಾಹೇಬರ ಭದ್ರ ಫೋನು ಯಾವ ಲೋಪವೂ ಇಲ್ಲದೆ ಕೆಲಸ ಮಾಡಿದೆ ಎಂದೂ ಇತ್ತು. ಅದು ಮಾತ್ರ ನಿಜ. ಫೋನು ತನ್ನ ಕೆಲಸ ಮಾಡಿತ್ತು.

ದೀಪಾವಳಿಗೆ ಮೊದಲೇ ಮುನಿರಾಜುವನ್ನು ಕೆಲಸದಿಂದ ತೆಗೆದರು. ಕಾರಿನ ಕೀಲಿ ಕೊಟ್ಟು, ಸೀಟಿನ ಮೇಲಿದ್ದ ತನ್ನ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಹೋದ. ನನಗೆ ಸೋಂಪುರದ ಕಡೆಯ ಸಣ್ಣ ಕಚೇರಿಯೊಂದಕ್ಕೆ ವರ್ಗ. ಬಿಡುಗಡೆಯ ದಿನ ಸಾಹೇಬರು ಒಳಗೆ ಕರೆದರು.

"ಬೇಜಾರು ಮಾಡ್ಕೋಬೇಡಿ ಸರೋಜಾ. ನನ್ನ ಕೈಯಲ್ಲಿ ಏನೂ ಇರಲಿಲ್ಲ."

"ನಿಮ್ಮ ಕೈ ಫೋಟೋದಲ್ಲೇ ಇತ್ತಲ್ಲ ಸಾರ್" ಎಂದೆ.

ನಾನು ನಮಸ್ಕಾರ ಹೇಳದೆ ಹೊರಗೆ ಬಂದೆ. ಇಡೀ ನೌಕರಿಯಲ್ಲಿ ನಾನು ಹಾಗೆ ಬಂದದ್ದು ಅದೊಂದೇ ಸಲ.

ಸೋಂಪುರದಲ್ಲಿ ಬೆಳಗಿನಿಂದ ಸಂಜೆಯವರೆಗೂ ಲಾರಿಗಳ ಧೂಳು. ಬಸ್ಸು ಬದಲಿಸಿ ಬದಲಿಸಿ ಮನೆ ಸೇರುವಷ್ಟರಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾರ್ತಿಕದಲ್ಲಿ ಆಪರೇಷನ್ ಆಯಿತು. ಹಾಸಿಗೆಯಲ್ಲಿ ಮಲಗಿದ್ದಾಗ ಮುನಿರಾಜು ನೋಡಲು ಬಂದ, ಚೀಲದಲ್ಲಿ ಎಳೆ ಅವರೆಕಾಯಿ ತಂದಿದ್ದ. ಅಧಿಸೂಚನೆ ಹೊರಬಿದ್ದಿತ್ತು, ಅವರ ಹೊಲ ಅದರಲ್ಲಿತ್ತು. ಅವನು ಮುಖವೆತ್ತದೆ ಮಾತಾಡಿದ.

"ಊರಲ್ಲಿ ಯಾರೂ ಮಾತಾಡ್ಸಲ್ಲ ಅಕ್ಕ. ಚಿಕ್ಕಪ್ಪ ಮನೆ ಮುಂದೆ ಬಂದು ಕೂಗಾಡಿದ್ರು. ಪಟ್ಟಿ ನಿನ್ನ ಕೈಯಾಗೇ ಇತ್ತಂತಲ್ಲೋ, ಒಂದು ಮಾತು ಹೇಳಿದ್ರೆ ನಾನು ಮಾರ್ತಿದ್ನೇನೋ, ಒಡಹುಟ್ಟಿದವನ ಮಗನಾಗಿ ಹಿಂಗಾ ಮಾಡೋದು ಅಂದ್ರು."

ಸರ್ಕಾರ ಅವನನ್ನು ತೆಗೆದದ್ದು ಗುಟ್ಟು ಬಿಟ್ಟುಕೊಟ್ಟ ಎಂದು. ಊರು ಅವನನ್ನು ದೂರ ಮಾಡಿದ್ದು ಗುಟ್ಟು ಬಚ್ಚಿಟ್ಟ ಎಂದು. ಅವನು ಎರಡನ್ನೂ ಮಾಡಿರಲಿಲ್ಲ. ಆ ದಿನ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ ಅತ್ತೆ.

ನಡೆಯುವಂತಾದ ಕೂಡಲೇ ಅವರ ಊರಿಗೆ ಹೋದೆ. ಯಜಮಾನರು ಸ್ಕೂಟರಿನಲ್ಲಿ ನಿಧಾನವಾಗಿ ಕರೆದುಕೊಂಡು ಹೋದರು. ರಾಗಿ ಕೊಯ್ದು ಹಿಡಿಹಿಡಿಯಾಗಿ ಹೊಲದಲ್ಲಿ ಅರಿ ಹಾಕಿದ್ದರು, ನಡುವೆ ಅವರೆಯ ಸಾಲು ಕಾಯಿ, ಹೂ ಎರಡೂ ಬಿಟ್ಟು ಗಾಳಿಯಲ್ಲೆಲ್ಲ ಅದರ ಸೊಗಡು. ಪಿಳ್ಳಮ್ಮನ ಜೊತೆ ನಾರಾಯಣಪ್ಪನ ಮನೆಯ ಜಗಲಿಗೆ ಹೋಗಿ, ಅಕ್ಕಪಕ್ಕದವರೂ ಬಂದು ನಿಂತ ಮೇಲೆ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ.

ನಾರಾಯಣಪ್ಪ "ಈ ಮಾತು ಅಲ್ಲಿ ಹೇಳ್ಬೇಕಿತ್ತಲ್ಲ ತಾಯಿ" ಎಂದರು.

"ಹೇಳಿದೆ. ಬರ್ಕೋಬೇಡಿ ಅಂದ್ರು."

ಅವರು ಎದ್ದು ಒಳಗೆ ಹೋದರು. ಕೋಪದಿಂದ ಹೋದರೇನೋ ಎಂದುಕೊಂಡೆ. ಚೊಂಬಿನಲ್ಲಿ ಮಜ್ಜಿಗೆ ತಂದು, ನನಗಿಂತ ಮೊದಲು, ಮೆಟ್ಟಿಲ ಕೆಳಗೆ ನಿಂತಿದ್ದ ಮುನಿರಾಜುವಿನ ಕೈಗೆ ಕೊಟ್ಟರು. "ಕುಡಿಯೋ" ಎಂದರು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಸಾಹೇಬರು ಬೆಂಗಳೂರಿನಲ್ಲಿ ಇನ್ನೂ ದೊಡ್ಡ ಕುರ್ಚಿಗೆ ಹೋದರು, ಈಗ ನಿವೃತ್ತರಾಗಿ ಭದ್ರತೆಯ ಬಗ್ಗೆ ಭಾಷಣ ಮಾಡುತ್ತಾರಂತೆ. ಮುನಿರಾಜು ದೇವನಹಳ್ಳಿಯಲ್ಲಿ ಶಾಲೆಯೊಂದರ ವ್ಯಾನು ಓಡಿಸುತ್ತಾನೆ. ಅವನ ಮೇಲಿನ ವರದಿಯನ್ನು ಯಾರೂ ತಿದ್ದಲಿಲ್ಲ. ನಾರಾಯಣಪ್ಪನ ಜಮೀನು ಹೋಯಿತು. ಪಿಳ್ಳಮ್ಮನ ಹೊಲದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ಅವಳು ಪ್ರತಿವರ್ಷ ಬಿತ್ತುತ್ತಲೇ ಇದ್ದಾಳೆ.

ಆದರೆ ಆ ಮಳೆಗಾಲ ನನ್ನ ಮಟ್ಟಿಗೆ ಮುಗಿದದ್ದು ಸಂಕ್ರಾಂತಿ ಕಳೆದ ಮೇಲೆ, ಹೊಲ ಕೊಡುವುದಿಲ್ಲವೆಂದು ಪಿಳ್ಳಮ್ಮ ಹಾಕಿದ್ದ ಆಕ್ಷೇಪಣೆಯ ವಿಚಾರಣೆಯ ದಿನ. ಪಿಳ್ಳಮ್ಮನಿಗೆ ಓದು ಬರುವುದಿಲ್ಲ. "ನೀನು ಜೊತೇಲಿರವ್ವ" ಎಂದಿದ್ದಳು. ರಜೆ ಹಾಕಿ ಹೋಗಿದ್ದೆ. ಸಾಹೇಬರ ಕುರ್ಚಿಯಲ್ಲಿ ಹೊಸ ಅಧಿಕಾರಿ, ವಯಸ್ಸು ಕಡಿಮೆ, ಮರ್ಯಾದಸ್ಥರಂತೆ ಕಂಡರು. ಮೇಜಿನ ಮೇಲೆ ಅದೇ ತರಹದ ಭದ್ರ ಫೋನು. ಹೆಸರು ಕೂಗಿದಾಗ ಪಿಳ್ಳಮ್ಮ ಸೆರಗು ಬಿಗಿದುಕೊಂಡು ಮುಂದೆ ಹೋಗಿ ನಿಂತಳು.

"ಹೇಳಿಯಮ್ಮ, ನಿಮ್ಮ ಆಕ್ಷೇಪಣೆ ಏನು?"

ಅವಳು ಮೇಜಿನ ಮೇಲಿದ್ದುದನ್ನು ಬೆರಳಿಂದ ತೋರಿಸಿದಳು. "ಮೊದ್ಲು ಅದನ್ನ ಎತ್ತಿ ಒಳಗಿಡಪ್ಪ. ಆಮೇಲೆ ಮಾತಾಡಾನ."

ಪಕ್ಕದಲ್ಲಿದ್ದ ಜವಾನ ಗದರಿಸಲು ಹೊರಟ. ಅಧಿಕಾರಿ ಅವನನ್ನು ತಡೆದರು. ಡ್ರಾಯರು ಎಳೆದು ಫೋನನ್ನು ಅದರೊಳಗಿಟ್ಟು ಮುಚ್ಚಿದರು.

ಪಿಳ್ಳಮ್ಮ ಕದಲಲಿಲ್ಲ. ಅವರ ಅಂಗಿಯ ಜೇಬನ್ನು ನೋಡುತ್ತಾ ನಿಂತಳು.

"ಇನ್ನೊಂದೂ" ಎಂದಳು.